ಬಾಯಿ ಬಿಡದ ಗೇಮು: ಹೈಪರ್ ಲೈಟ್ ಡ್ರಿಫ್ಟರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೇಲಿ ಹೈಪರ್ ಲೈಟ್ ಡ್ರಿಫ್ಟರ್ ಬಗ್ಗೆ ಬರೆದಿದ್ದು ನಾಲ್ಕೇ ನಾಲ್ಕು ಸಾಲು, ಆದ್ರೆ ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಅರ್ಧ ಜನ ಬೈದಿದಾರೆ, ಇನ್ನರ್ಧ ಜನ ಒಂದು ಪುಟ ಹೊಗಳಿ ಕೊನೆಗೆ "ಇಂಥ ಕಡೆ ಸಿಕ್ಕಾಕ್ಕೊಂಡಿದೀನಿ ದಾರಿ ತೋರ್ಸಿ" ಅಂದಿದಾರೆ. ಹಂಗಾಗಿ ಬೇರೆ ಗೇಮುಗಳದ್ದೆಲ್ಲ ಮುಂದಿನ ಸಲಕ್ಕೆ ಎತ್ತಿಟ್ಟಿದೀನಿ, ಈ ಸಲ ಪೂರ್ತಿ ಇದೊಂದೇ.

ಗೊತ್ತಿಲ್ದೋರಿಗೆ ಚಿಕ್ಕದಾಗಿ: 2016ರ ಮಾರ್ಚ್ 31ಕ್ಕೆ ಕಂಪ್ಯೂಟರಿಗೆ ಬಂದ ಗೇಮು ಇದು, ಅದೇ ವರ್ಷ ಪಿಎಸ್4, ಎಕ್ಸ್‌ಬಾಕ್ಸ್ ಒನ್‌ಗೂ ಬಂತು, 2018ರಲ್ಲಿ ಸ್ವಿಚ್‌ಗೆ, 2019ರಲ್ಲಿ ಐಫೋನ್ ಐಪ್ಯಾಡ್‌ಗೆ. ಪಿಕ್ಸೆಲ್ ಆರ್ಟ್, ಮೇಲಿಂದ ಕೆಳಗೆ ನೋಡೋ ಥರದ ಆಟ. ಹೀರೋ ಕೈಯಲ್ಲಿ ಒಂದು ಬೆಳಕಿನ ಕತ್ತಿ, ಒಂದು ಗನ್ನು, ಕಾಲಲ್ಲಿ ಡ್ಯಾಶ್ ಅನ್ನೋ ಮಿಂಚಿನ ಓಟ, ಎದೇಲಿ ಏನೋ ಒಂದು ಖಾಯಿಲೆ, ಆಗಾಗ ಕೆಮ್ಮಿ ರಕ್ತ ಕಾರ್ತಾನೆ. ಇಷ್ಟು ಸಾಕು, ಪ್ರಶ್ನೆಗೆ ಹೋಗೋಣ.

ಪ್ರಶ್ನೆ: ಸರ್, ನಾನು ಡಿಗ್ರಿ ಓದ್ತಿದೀನಿ, ಆಕ್ಷನ್ ಗೇಮುಗಳು ನನಗೇನು ಹೊಸದಲ್ಲ. ಆದ್ರೆ ಇದರಲ್ಲಿ ಮೊದಲನೇ ಏರಿಯಾದಲ್ಲೇ ಸಾಯ್ತಾ ಇದೀನಿ, ಬಾಸ್ ಅನ್ನೋ ದೊಡ್ಡ ಶತ್ರು ಹತ್ರ ಅಲ್ಲ, ಮಾಮೂಲಿ ಶತ್ರುಗಳ ಕೈಲೇ. ಡ್ಯಾಶ್ ಒತ್ತೋದು ಹೊಡೆಯೋದು ಡ್ಯಾಶ್ ಒತ್ತೋದು ಹೊಡೆಯೋದು, ಅಷ್ಟರಲ್ಲಿ ಕಥೆ ಮುಗೀತು. ತಪ್ಪು ನಂದಾ ಗೇಮಿಂದಾ?

ಉತ್ತರ: ನಿಮ್ಮ ಕೈ ತುಂಬಾ ಚುರುಕಿದೆ, ಅದೇ ತೊಂದ್ರೆ. ತಮಾಷೆಗೆ ಹೇಳ್ತಿಲ್ಲ. ಈ ಗೇಮು ನೋಡೋಕೆ ಸ್ಪೀಡಾಗಿ ಕಾಣುತ್ತೆ, ಟ್ರೇಲರ್ ನೋಡಿದ್ರಂತೂ ಹೀರೋ ನಿಲ್ಲೋದೇ ಇಲ್ಲ, ಅದನ್ನ ನೋಡ್ಕೊಂಡು ಬಂದೋರೆಲ್ಲ ಎರಡು ಬಟನ್ನನ್ನ ಸವೆಯೋ ತನಕ ಒತ್ತುತಾರೆ. ಆದ್ರೆ ಕತ್ತಿ ಏಟಿನ ಲೆಕ್ಕ ಗಮನಿಸಿ. ಒಂದು, ಎರಡು, ಮೂರು, ಮೂರನೇದಾದ್ಮೇಲೆ ಇವನು ಒಂದು ಚೂರು ತಡೀತಾನೆ. ನೀವು ನಾಲ್ಕನೇದು ಒತ್ತಿರ್ತೀರಾ, ಅವನಿನ್ನೂ ಮೂರರಲ್ಲೇ ಇರ್ತಾನೆ, ಆ ಗ್ಯಾಪಲ್ಲೇ ಏಟು ಬೀಳೋದು. ಅದಕ್ಕೆ ಎರಡು ಹೊಡೀರಿ, ಈಚೆ ಬನ್ನಿ. ಇಷ್ಟೇ ಮಾಡಿದ್ರೂ ಸಾವು ಅರ್ಧಕ್ಕೆ ಇಳಿಯುತ್ತೆ.

ಎರಡನೇದು, ಕೋಣೆ ಒಳಗೆ ಕಾಲಿಟ್ಟ ತಕ್ಷಣ ನುಗ್ಗಬೇಡಿ, ಮೊದಲು ನಿಂತು ಯಾರ್ಯಾರು ಇದಾರೆ ನೋಡಿ. ಒಬ್ಬ ದಪ್ಪದವನಿರ್ತಾನೆ, ಮೆಲ್ಲಗೆ ಬರ್ತಾನೆ, ಹೊಡೆಯೋಕೆ ಮುಂಚೆ ಆಯುಧ ಎತ್ತಿ ಒಂದು ಕ್ಷಣ ಹಂಗೇ ಹಿಡ್ಕೊಂಡಿರ್ತಾನೆ, ಅವನನ್ನ ಕೊನೆಗೆ ಇಟ್ಕೊಳ್ಳಿ, ಅವನು ಎಲ್ಲೂ ಓಡಿಹೋಗಲ್ಲ. ಪುಟ್ಟಪುಟ್ಟವು ಎರಡು ಮೂರು ಎಗರ್ತಾ ಬರ್ತವೆ, ಒಂದೆರಡು ಏಟಿಗೆ ಉದುರ್ತವೆ, ಅವು ಮೊದಲು. ಹಿಂದೆ ಮೂಲೇಲಿ ಗುಂಡು ಹೊಡೆಯೋನು ಒಬ್ಬ ಇರ್ತಾನಲ್ಲ, ಎಲ್ಲರನ್ನೂ ಸಾಯಿಸೋದು ಅವನೇ, ಯಾಕಂದ್ರೆ ನೀವು ಉಳಿದವರ ಜೊತೆ ಗುದ್ದಾಡ್ತಿರುವಾಗ ಅವನು ಕಣ್ಣಿಗೆ ಬೀಳಲ್ಲ. ಪುಟ್ಟವುಗಳನ್ನ ಕತ್ತೀಲಿ ಮುಗಿಸಿದ್ರೆ ಗನ್ನಿಗೆ ಚಾರ್ಜ್ ತುಂಬುತ್ತೆ, ತುಂಬಿದ್ದನ್ನ ಆ ಮೂಲೆಯವನಿಗೆ ಕೊಡಿ. ಈ ಗೇಮಲ್ಲಿ ಗುಂಡು ಬೇಕಾ, ಕತ್ತಿ ಬೀಸಬೇಕು, ಬೇರೆ ದಾರಿ ಇಲ್ಲ. ಶತ್ರು ಯಾರೂ ಇಲ್ವಾ, ಸುತ್ತ ಇರೋ ಒಡೆಯೋ ಪೆಟ್ಟಿಗೆ ಗಿಟ್ಟಿಗೆಗಳಿಗೆ ಎರಡು ಬಿಟ್ರೂ ತುಂಬುತ್ತೆ. ದೂರ ನಿಂತು ಗುಂಡು ಹಾರಿಸ್ಕೊಂಡೇ ಆಡ್ತೀನಿ ಅನ್ನೋನನ್ನೂ ಇದು ಹತ್ರ ಎಳೀತದೆ, ಬರೀ ಕತ್ತಿ ಸಾಕು ಅನ್ನೋನಿಗೂ ಗನ್ನು ಹಿಡಿಸ್ತದೆ. ಗೇಮಲ್ಲಿ ನನಗೆ ತುಂಬಾ ಇಷ್ಟವಾದ ವಿಷಯಗಳಲ್ಲಿ ಇದೂ ಒಂದು.

ಮೂರನೇದು ಮೆಡ್‌ಕಿಟ್, ಅಂದ್ರೆ ಹೆಲ್ತ್ ವಾಪಸ್ ತುಂಬಿಸೋ ಔಷಧಿ. ಹೆಲ್ತ್ ಇರೋದೇ ಐದು ಚೌಕ. ಎರಡಕ್ಕೆ ಇಳಿದ್ಮೇಲೆ ಗಾಬರಿಯಾಗಿ ಶತ್ರು ಮೂಗಿನ ಕೆಳಗೇ ನಿಂತು ಮೆಡ್‌ಕಿಟ್ ಒತ್ತುತಾರೆ, ಅದು ಹಾಕ್ಕೊಳ್ಳೋಕೆ ಇವನಿಗೆ ಒಂಚೂರು ಟೈಮು ಬೇಕು, ಅಷ್ಟರಲ್ಲಿ ಇನ್ನೊಂದು ಬಿದ್ದಿರುತ್ತೆ. ಕೋಣೆ ಮೂಲೆಗೆ ಎರಡು ಡ್ಯಾಶ್ ಹೊಡೆದು ಆಮೇಲೆ ಹಾಕ್ಕೊಳ್ಳಿ.

ಇನ್ನು ತಪ್ಪು ಯಾರದು ಅಂದ್ರಲ್ಲ, ಜಗಳದ ವಿಷಯದಲ್ಲಿ ಗೇಮು ನ್ಯಾಯವಾಗೇ ಇದೆ. ಯಾವ ಏಟೂ ಹೇಳದೆ ಕೇಳದೆ ಬರಲ್ಲ, ಎಲ್ಲದಕ್ಕೂ ಮುಂಚೆ ಒಂದು ಸನ್ನೆ ಇರುತ್ತೆ, ನಾವು ನೋಡಿರಲ್ಲ ಅಷ್ಟೇ. ಸತ್ತರೂ ಬಹಳ ದೂರ ಹಿಂದಕ್ಕೆ ಎಸೆಯಲ್ಲ, ಅದೇ ಕೋಣೆ ಬಾಗಿಲಿಗೋ ಹಿಂದಿನ ಕೋಣೆಗೋ ತಂದು ನಿಲ್ಲಿಸ್ತದೆ. ಬೇರೆ ವಿಷಯದಲ್ಲಿ ಗೇಮು ಅಷ್ಟು ಒಳ್ಳೇದಲ್ಲ, ಅದನ್ನ ಮುಂದೆ ಹೇಳ್ತೀನಿ.

ಪ್ರಶ್ನೆ: ಕೀಬೋರ್ಡ್ ಮೌಸಲ್ಲಿ ಆಡಬಹುದಾ, ಕಂಟ್ರೋಲರ್ ಬೇಕೇಬೇಕಾ?

ಉತ್ತರ: ಆಡಬಹುದು. ಮೌಸಲ್ಲಿ ಗನ್ನು ಗುರಿ ಇಡೋದು ಸುಲಭ ಕೂಡ. ಆದ್ರೆ ಡ್ಯಾಶ್ ಮಾಡ್ತಾ ಮಾಡ್ತಾ ಓರೆಯಾಗಿ ತಿರುಗಬೇಕಾದಾಗ ಕೀಬೋರ್ಡಿನ ನಾಲ್ಕು ಕೀಗಳ ಮಧ್ಯೆ ಬೆರಳು ಸಿಕ್ಕಾಕ್ಕೊಳ್ಳುತ್ತೆ, ಈ ಗೇಮಲ್ಲಿ ಅಂಥ ಜಾಗ ಬೇಕಾದಷ್ಟಿವೆ. ಇದ್ರೆ ಕಂಟ್ರೋಲರೇ ತಗೊಳ್ಳಿ.

ಪ್ರಶ್ನೆ: ನಮಸ್ತೆ. ನಾನು ಗೇಮ್ ಆಡೋದೇ ಕಥೆಗೋಸ್ಕರ. ಇದರಲ್ಲಿ ಒಬ್ಬರೂ ಒಂದಕ್ಷರ ಮಾತಾಡಲ್ಲ, ಊರಿನ ಜನರ ಹತ್ರ ಹೋದ್ರೆ ಮೂರು ನಾಲ್ಕು ಚಿತ್ರ ತೋರ್ಸಿ ಸುಮ್ಮನಾಗ್ತಾರೆ. ಆಡಿ ಮುಗಿಸಿದೆ, ನಿಜ ಹೇಳಬೇಕಂದ್ರೆ ಏನೂ ಅರ್ಥ ಆಗ್ಲಿಲ್ಲ. ಎಲ್ಲರೂ ಕಥೆ ಅದ್ಭುತ ಅಂತಾರಲ್ಲ, ಇದೇನು ಬುದ್ಧಿವಂತರ ನಾಟಕಾನಾ?

ಉತ್ತರ: ನಾಟಕ ಅಲ್ಲ ಮೇಡಂ, ಆದ್ರೆ ನಿಮ್ಮ ಅನುಮಾನ ನಂಗೆ ಅರ್ಥ ಆಗುತ್ತೆ, ಏನೂ ಹೇಳದೆ ಇರೋದನ್ನೇ ದೊಡ್ಡ ಆಳ ಅಂತ ಮಾರೋ ಗೇಮುಗಳು ಸಾಕಷ್ಟಿವೆ. ಇದು ಆ ಜಾತಿಗೆ ಸೇರಿದ್ದಲ್ಲ ಅಂತ ನನ್ನ ಅನಿಸಿಕೆ, ಯಾಕೆ ಅಂತ ಹೇಳ್ತೀನಿ, ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು.

ಇದರಲ್ಲಿ ಎರಡು ಕಥೆ ಇವೆ. ಒಂದು ಆ ಲೋಕದ್ದು: ಯಾವುದೋ ಕಾಲದಲ್ಲಿ ದೈತ್ಯಾಕಾರದ ಯಂತ್ರಗಳು ಎದ್ದು ನಗರಗಳನ್ನ ಸುಟ್ಟು ಹಾಕಿವೆ, ಅವುಗಳ ಅಸ್ಥಿಪಂಜರ ಈಗ್ಲೂ ಬೆಟ್ಟದ ಮೇಲೆ ಕಾಡಿನ ಮಧ್ಯೆ ಒರಗಿಕೊಂಡು ಬಿದ್ದಿವೆ, ಉಳಿದ ಜನ ಆ ಅವಶೇಷದಲ್ಲೇ ಬದುಕ್ತಿದಾರೆ, ಅವರ ಮೇಲೆ ಹೊಸ ದಬ್ಬಾಳಿಕೆಗಾರರು ಬಂದು ಕೂತಿದಾರೆ. ಪೂರ್ವದ ಕೆರೆ ಕಡೆ ಹೋಗಿ, ಕಪ್ಪೆಗಳ ಸೇನೆ ಅಲ್ಲಿನ ನೀರುನಾಯಿ ಜನರನ್ನ ಕೊಂದು ಹಾಕಿದೆ, ಬದುಕುಳಿದ ಒಬ್ಬನ ಹತ್ರ ನಿಂತ್ರೆ ಚಿತ್ರ ತೋರಿಸ್ತಾನೆ. ಮೊದಲ ಚಿತ್ರದಲ್ಲಿ ಎಲ್ಲ ಚೆನ್ನಾಗಿದೆ, ಆಮೇಲೆ ಕಪ್ಪೆಗಳು ಬಂದ್ವು, ಆಮೇಲೆ ಹೆಣಗಳು. ಚಿತ್ರ ಅಷ್ಟಕ್ಕೇ ನಿಲ್ಲುತ್ತೆ. ನೀವು ಎರಡು ಹೆಜ್ಜೆ ಮುಂದೆ ಹೋದ್ರೆ ಆ ಹೆಣಗಳೇ ನೀರಲ್ಲಿ ಬಿದ್ದಿರ್ತವೆ. ಇದನ್ನೇ ಒಂದು ಪಾತ್ರ ಬಂದು ಹತ್ತು ಡೈಲಾಗಲ್ಲಿ ಅತ್ಕೊಂಡು ಹೇಳಿದ್ರೆ ನಾನಂತೂ ಬಟನ್ ಒತ್ತಿ ಸ್ಕಿಪ್ ಮಾಡಿರ್ತಿದ್ದೆ. ಉತ್ತರದ ಹಿಮಬೆಟ್ಟದಲ್ಲಿ ಹಕ್ಕಿ ಜನರದ್ದೂ ಇಂಥದೇ ಗೋಳು, ಪಶ್ಚಿಮದ ಹರಳಿನ ಕಾಡಲ್ಲಿ ಮೈಯೆಲ್ಲ ಹರಳು ಮುಚ್ಕೊಂಡು ನಿಂತಲ್ಲೇ ಕಲ್ಲಾದೋರು.

ಎರಡನೇ ಕಥೆ ಇವನದ್ದು, ಡ್ರಿಫ್ಟರ್‌ದು. ಇದನ್ನ ಮಾಡಿದ ಅಲೆಕ್ಸ್ ಪ್ರೆಸ್ಟನ್ ಹುಟ್ಟಿನಿಂದಲೇ ಹೃದಯದ ಖಾಯಿಲೆ ಇರೋರು, ಆಸ್ಪತ್ರೆಗೆ ಹೋಗಿ ಬಂದು ಮಾಡೋದೇ ಬದುಕಾದೋರು. ಸ್ಟುಡಿಯೋಗೆ ಇಟ್ಟ ಹೆಸರೇ ಹಾರ್ಟ್ ಮಷಿನ್. ಗೇಮಲ್ಲಿ ತಮ್ಮ ಅನುಭವಾನೇ ಇಟ್ಟಿದೀನಿ ಅಂತ ಅವರು ಬಹಿರಂಗವಾಗೇ ಹೇಳ್ಕೊಂಡಿದಾರೆ. ಈಗ ಹೀರೋನ ಇನ್ನೊಂದು ಸಲ ನೋಡಿ. ಎಷ್ಟು ಅಪ್‌ಗ್ರೇಡ್ ತಗೊಂಡ್ರೂ ಎಷ್ಟು ಬಾಸ್ ಸಾಯಿಸಿದ್ರೂ ಅವನ ಕೆಮ್ಮು ಮಾತ್ರ ಹೋಗಲ್ಲ. ಮಿಕ್ಕ ಗೇಮುಗಳಲ್ಲಿ ನಾವು ಬಲಿತಾ ಹೋಗ್ತೀವಿ, ಇಲ್ಲೂ ಬಲೀತೀವಿ, ಆದ್ರೆ ನಡುನಡುವೆ ಅವನು ಹಠಾತ್ತನೆ ಮಂಡಿಯೂರಿ ಕೂತು ರಕ್ತ ಕಾರ್ತಾನೆ, ಆಗ ಕಂಟ್ರೋಲರ್ ನಮ್ಮ ಕೈಯಲ್ಲಿದ್ರೂ ನಾವು ಏನೂ ಮಾಡೋಹಂಗಿಲ್ಲ. ಕೊನೇಲಿ ಏನಾಗುತ್ತೆ ಅಂತ ಆಡದೇ ಇರೋರಿಗೋಸ್ಕರ ಹೇಳಲ್ಲ, ನೀವು ಮುಗಿಸಿದೀರಾ, ನಿಮಗೆ ಗೊತ್ತು.

ಇದು ಬೇಡ, ನಂಗೆ ಲಿಖಿತವಾಗೇ ಬೇಕು ಅಂದ್ರೆ ಅದೂ ಇದೆ. ನಾಲ್ಕೂ ದಿಕ್ಕಲ್ಲಿ ಸೇರಿ 16 ಕಲ್ಲಿನ ಫಲಕ ಅಡಗಿವೆ, ಮೇಲೆ ಯಾವುದೋ ವಿಚಿತ್ರ ಲಿಪಿ. ಅದು ಸುಮ್ಮನೆ ಗೀಚಿದ್ದಲ್ಲ, ಒಂದೊಂದು ಗುರುತಿಗೂ ಒಂದು ಇಂಗ್ಲಿಷ್ ಅಕ್ಷರ ಇದೆ, ಆಟಗಾರರು ಕೂತು ಬಿಡಿಸಿದಾರೆ. ಆ ಲೋಕ ಹಾಳಾಗಿದ್ದು ಯಾಕೆ ಅಂತ ಅಲ್ಲಿ ಸ್ವಲ್ಪ ಗೊತ್ತಾಗುತ್ತೆ. ಪೆನ್ನು ಪೇಪರ್ ಹಿಡಿದು ನೀವೇ ಬಿಡಿಸೋಕೆ ನೋಡಿ, ಒಂದು ಭಾನುವಾರ ಹೋಗೋದು ಗ್ಯಾರಂಟಿ.

ಪ್ರಶ್ನೆ: ಮ್ಯಾಪ್ ನೋಡಿ ನೋಡಿ ತಲೆ ಕೆಟ್ಟು ಮೊಸರು ಗಡಿಗೆ ಆಗಿದೆ. ಎಲ್ಲಿದೀನಿ ಅಂತ ಗೊತ್ತಾಗಲ್ಲ, ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗಲ್ಲ. ಅದೇ ಕೋಣೆಗಳನ್ನೇ ಸುತ್ತುತಾ ಇದೀನಿ. ಅಲ್ಲಲ್ಲಿ ಅಡಗಿಸಿಟ್ಟಿರೋ ಈ ಮಾಡ್ಯೂಲ್ ಅನ್ನೋ ತ್ರಿಕೋನಗಳನ್ನ ಎಲ್ಲಾ ಹುಡುಕಲೇಬೇಕಾ?

ಉತ್ತರ: ಮೇಲೆ "ಬೇರೆ ವಿಷಯ" ಅಂದಿದ್ದು ಇದನ್ನೇ. ಈ ಗೇಮಿನ ಮ್ಯಾಪ್ ಕೆಟ್ಟದಾಗಿದೆ, ಅದಕ್ಕೆ ಯಾವ ಕಲೆಯ ಸಮಜಾಯಿಷಿನೂ ಬೇಡ. ಲಿಫ್ಟ್ ಇಳಿದು ಕೆಳಗಿನ ಅಂತಸ್ತಿಗೆ ಹೋದ್ರೆ ಮ್ಯಾಪಿಗೆ ಅದು ಗೊತ್ತೇ ಆಗಿಲ್ವೇನೋ ಅನ್ನೋ ಥರ ಇರುತ್ತೆ, ನೀವಿರೋ ಕೋಣೆ ಯಾವ್ದು ಅಂತ ಅಂದಾಜು ಮಾಡ್ಕೋಬೇಕು. ಮಾತಿಲ್ಲದೆ ಕಥೆ ಹೇಳೋದು ಬೇರೆ, ದಾರಿ ತಪ್ಪಿಸೋ ಮ್ಯಾಪ್ ಕೊಡೋದು ಬೇರೆ. ಅಭಿಮಾನಿಗಳು ಎರಡನ್ನೂ ಒಂದೇ ಬುಟ್ಟಿಗೆ ಹಾಕಿ "ಅದು ಹಂಗೇ ಇರಬೇಕು, ಕಳೆದುಹೋಗೋದೇ ಅನುಭವ" ಅಂತಾರೆ, ನಾನು ಒಪ್ಪಲ್ಲ.

ಆದ್ರೆ ಒಂದು ಗುಟ್ಟು ಹೇಳ್ತೀನಿ, ಮ್ಯಾಪ್ ಮುಚ್ಚಿಡಿ, ನೆಲ ನೋಡಿ. ಗುಪ್ತ ದಾರಿ ಇರೋ ಕಡೆಯೆಲ್ಲ ನೆಲದ ಮೇಲೋ ಗೋಡೆ ಪಕ್ಕದಲ್ಲೋ ಒಂದು ಸಣ್ಣ ಚೌಕದ ಗುರುತು ಕೆತ್ತಿರುತ್ತೆ. ಒಮ್ಮೆ ಕಣ್ಣಿಗೆ ಬಿತ್ತು ಅಂದ್ರೆ ಆಮೇಲೆ ಎಲ್ಲೆಲ್ಲೂ ಅದೇ ಕಾಣುತ್ತೆ. ಆ ಗುರುತಿಂದ ಪಕ್ಕಕ್ಕೆ ಗೋಡೆಗೆ ಅಂಟ್ಕೊಂಡು ನಡೀರಿ, ಮರದ ಎಲೆ ಮುಚ್ಚಿರೋ ಕಡೆ ದಾರಿ ಇರುತ್ತೆ, ಪ್ರಪಾತದ ಅಂಚಲ್ಲಿ ಗುರುತಿದ್ರೆ ಆಚೆ ಕಣ್ಣಿಗೆ ಕಾಣದ ಮೆಟ್ಟಿಲು ಇರುತ್ತೆ. ಬಿದ್ರೆ ಒಂದು ಚೌಕ ಹೆಲ್ತ್ ಹೋಗುತ್ತೆ, ಮತ್ತೆ ಅಂಚಿಗೇ ತಂದು ಬಿಡ್ತದೆ, ಅದಕ್ಕೆ ಧೈರ್ಯವಾಗಿ ಹಾರಿ. ಗೇಮ್ ಮಾಡಿದೋರು ಜಾಣತನ ಎಲ್ಲ ಈ ನೆಲದ ಗುರುತಿಗೆ ಖರ್ಚು ಮಾಡಿ ಮ್ಯಾಪಿಗೆ ಏನೂ ಉಳಿಸ್ಲಿಲ್ಲ ಅಂತ ಕಾಣುತ್ತೆ.

ಮಾಡ್ಯೂಲ್ ಒಂದು ದಿಕ್ಕಿಗೆ 8 ಇವೆ, ಎಲ್ಲಾ ಬೇಕಿಲ್ಲ. ಆ ದಿಕ್ಕಿನ ಕಂಬ ಏಳೋಕೆ ನಾಲ್ಕು ಸಾಕು. ಉಳಿದ ನಾಲ್ಕು ಹುಡುಕೋ ಹಟ ಇರೋರಿಗೆ. ಮೊದಲು ಪೂರ್ವಕ್ಕೆ ಹೋಗೋದು ವಾಸಿ, ಆಮೇಲೆ ಉತ್ತರವೋ ಪಶ್ಚಿಮವೋ ನಿಮ್ಮಿಷ್ಟ, ಇವು ಮೂರೂ ಆಗೋ ತನಕ ದಕ್ಷಿಣದ ಬಾಗಿಲು ತೆಗೆಯಲ್ಲ. ದಕ್ಷಿಣಕ್ಕೆ ಹೋಗೋ ದಾರಿ ಸಿಗ್ತಿಲ್ಲ ಅಂತ ಬರೆದಿದ್ದ ಇನ್ನೊಬ್ಬರಿಗೂ ಇದೇ ಉತ್ತರ.

ಪ್ರಶ್ನೆ: ಹಳದಿ ಚೂರು ಸೇರ್ಸಿ ಅಪ್‌ಗ್ರೇಡ್ ತಗೋಬೇಕು ಸರಿ, ಮೊದಲು ಯಾವ್ದು?

ಉತ್ತರ: ನಾಲ್ಕು ಚೂರು ಸೇರಿದ್ರೆ ಒಂದು ಬಿಲ್ಲೆ ಆಗುತ್ತೆ, ಬಿಲ್ಲೆಗಳು ಸುಲಭಕ್ಕೆ ಸಿಗಲ್ಲ, ಅದಕ್ಕೆ ಯೋಚ್ನೆ ಮಾಡೇ ಕೊಡಿ. ನನ್ನ ಕೇಳಿದ್ರೆ ಕತ್ತಿ ಅಂಗಡೀಲಿ ಗುಂಡನ್ನ ಕತ್ತಿಯಿಂದ ವಾಪಸ್ ಹೊಡೆಯೋದು ಇದ್ಯಲ್ಲ, ಅದು ಮೊದಲು. ಮೂಲೇಲಿ ನಿಂತು ಗುಂಡು ಹೊಡೆಯೋ ಆ ಮಹಾಶಯ ತನ್ನ ಗುಂಡಿಗೇ ತಾನು ಸಾಯೋದು ನೋಡೋಕೆ ಬಲು ಚೆಂದ. ಎರಡನೇದು ಸಾಲು ಡ್ಯಾಶ್, ಒಂದರ ಹಿಂದೆ ಒಂದು ಬಿಡುವಿಲ್ಲದೆ ಹೋಗೋದು. ಗ್ರೆನೇಡ್ ಕೊನೆಗೆ ತಗೊಂಡ್ರೂ ನಷ್ಟ ಇಲ್ಲ.

ಪ್ರಶ್ನೆ: ಸಾಲು ಡ್ಯಾಶ್ ತಗೊಂಡೆ, ಆದ್ರೆ ಮೂರು ನಾಲ್ಕಕ್ಕೆ ನಿಂತು ಹೋಗುತ್ತೆ. ಊರಲ್ಲಿ 800 ಡ್ಯಾಶಿನ ಸವಾಲು ಇದೆ ಅಂತಾರೆ, ಅದನ್ನ ಮಾಡಿದೋರು ಮನುಷ್ಯರೇನಾ?

ಉತ್ತರ: ಮನುಷ್ಯರೇ, ಬೇರೆ ಕೆಲಸ ಕಡಿಮೆ ಇರೋರು.

ನಿಂತು ಹೋಗೋಕೆ ಕಾರಣ ಒಂದೇ, ಬಟನ್ನನ್ನ ಪಟಪಟ ಅಂತ ಬಡೀತಿದೀರಾ. ಹಂಗೆ ಬಡಿದ್ರೆ ಸಾಲು ಕತ್ತರಿಸಿ ಹೋಗುತ್ತೆ. ಒಂದು ಡ್ಯಾಶ್ ಮುಗಿಯೋ ಹೊತ್ತಿಗೆ ಸರಿಯಾಗಿ ಮುಂದಿನದ್ದು ಬೀಳಬೇಕು. ತಾಳ ಹಾಕೋಕೆ ಬರುತ್ತಾ ನಿಮಗೆ? ಬಂದ್ರೆ ಇದೂ ಬರುತ್ತೆ, ಕಣ್ಣಿಗಿಂತ ಕಿವೀನ ನಂಬಿ ಆಡಿ, ಪ್ರತಿ ಡ್ಯಾಶಿಗೂ ಒಂದು ಸದ್ದಿದೆ, ಆ ಸದ್ದಿನ ಲಯ ಹಿಡೀರಿ. ಮೊದಲ ಕೆಲವು ನಿಧಾನ ಇರುತ್ತೆ, ಆಮೇಲೆ ವೇಗ ಏರಿ ಒಂದೇ ಲಯಕ್ಕೆ ನಿಲ್ಲುತ್ತೆ, ಆ ಬದಲಾವಣೆಯಲ್ಲೇ ಎಲ್ಲರೂ ಮುಗ್ಗರಿಸೋದು. 800 ಮುಗಿಸಿದ್ರೆ ಒಂದು ಹೊಸ ಬಟ್ಟೆ ಸಿಗುತ್ತೆ ಅಷ್ಟೇ, ಕಥೆಗೆ ಅದು ಏನೇನೂ ಬೇಕಿಲ್ಲ. ಬೆರಳು ನೋವು ಬಂದ್ರೆ ಬಿಟ್ಟುಬಿಡಿ, ಹೊಡೆದಾಟಕ್ಕೆ ಹತ್ತು ಹದಿನೈದರ ಸಾಲು ಧಾರಾಳ.

ಪ್ರಶ್ನೆ: ನನಗೆ ಗೇಮ್ ಬಗ್ಗೆ ಏನೂ ಗೊತ್ತಿಲ್ಲ. ಹತ್ತು ವರ್ಷದ ಮಗಳು ಅವಳಣ್ಣ ಆಡೋದು ನೋಡಿ ನಾನೂ ಇದೇ ಆಡ್ತೀನಿ ಅಂತ ಕೂತಿದಾಳೆ. ನೋಡೋಕೆ ಬಣ್ಣಬಣ್ಣವಾಗಿ ಮಕ್ಕಳ ಗೇಮ್ ಥರಾನೇ ಇದೆ. ಕೊಡಬಹುದಾ?

ಉತ್ತರ: ಬಣ್ಣ ನೋಡಿ ನಂಬಬೇಡಿ ಅಮ್ಮ. ಗುಲಾಬಿ ಆಕಾಶ, ನೀಲಿ ನೀರು ಎಲ್ಲ ಇದೆ, ಆ ನೀರಲ್ಲೇ ಹೆಣಗಳೂ ಇವೆ. ಚುಕ್ಕಿ ಚುಕ್ಕಿ ಚಿತ್ರ ಆದ್ರೂ ರಕ್ತ ರಕ್ತದ ಥರಾನೇ ಕಾಣುತ್ತೆ, ನೇತು ಹಾಕಿದ ದೇಹಗಳಿವೆ, ಊರಿನವರು ತೋರಿಸೋ ಚಿತ್ರಗಳಲ್ಲಿ ಕೊಲೆ ಇದೆ. ಭಯಕ್ಕಿಂತ ಹೆಚ್ಚಾಗಿ ಒಂಥರಾ ದುಃಖದ ಗೇಮು ಇದು, ಕೆಲವು ಮಕ್ಕಳಿಗೆ ಅದು ಭಯಕ್ಕಿಂತ ಜಾಸ್ತಿ ತಟ್ಟುತ್ತೆ. ಇನ್ನೊಂದು ಕಡೆ ನೋಡಿದ್ರೆ, ಇವತ್ತಿನ ಎಷ್ಟೋ ಗೇಮುಗಳಲ್ಲಿ ಇರೋ ತೊಂದ್ರೆಗಳು ಇದರಲ್ಲಿಲ್ಲ: ಗೊತ್ತಿಲ್ಲದೋರ ಜೊತೆ ಚಾಟ್ ಇಲ್ಲ, ಒಳಗೆ ದುಡ್ಡು ಕೊಟ್ಟು ಏನನ್ನೂ ಕೊಳ್ಳೋಹಂಗಿಲ್ಲ, ಕೆಟ್ಟ ಮಾತಂತೂ ಇಲ್ಲವೇ ಇಲ್ಲ, ಮಾತೇ ಇಲ್ಲವಲ್ಲ. ನನ್ನ ಪ್ರಕಾರ ಹತ್ತು ವರ್ಷಕ್ಕೆ ಒಬ್ಬಳೇ ಆಡೋದು ಬೇಡ. ಅಣ್ಣನ ಜೊತೆ ಆಡಲಿ ಅಂತಿದ್ರೆ, ಒಂದೇ ಸ್ಕ್ರೀನಲ್ಲಿ ಇಬ್ಬರು ಆಡೋ ವ್ಯವಸ್ಥೆ ಇದೆ, ನೀವೂ ಮೊದಲು ಒಂದರ್ಧ ಗಂಟೆ ಪಕ್ಕದಲ್ಲಿ ಕೂತು ನೋಡಿ. ಶುರುವಿನ ಐದು ನಿಮಿಷದಲ್ಲೇ ನಿಮಗೆ ಇದರ ಜಾಯಮಾನ ಗೊತ್ತಾಗುತ್ತೆ.

ಪ್ರಶ್ನೆ: ಇಷ್ಟೆಲ್ಲ ಟೆಕ್ನಾಲಜಿ ಇರೋ ಕಾಲದಲ್ಲಿ ಈ ಚೌಕ ಚೌಕದ ಚಿತ್ರ ಯಾಕೆ? ಖರ್ಚು ಉಳಿಸೋಕಾ? ನನ್ನ ಲ್ಯಾಪ್‌ಟಾಪಲ್ಲಿ ಅಂಚೆಲ್ಲ ಒಂಥರಾ ಮಸುಕು ಮಸುಕಾಗಿ ಕಾಣುತ್ತೆ, ಸ್ನೇಹಿತನ ಮನೆ ಟೀವೀಲಿ ಚೆನ್ನಾಗಿತ್ತು.

ಉತ್ತರ: ಎರಡನೇದಕ್ಕೆ ಮೊದಲು ಉತ್ತರ ಹೇಳ್ತೀನಿ, ಅದು ಬರೀ ಲೆಕ್ಕ. ಈ ಗೇಮಿನ ಚಿತ್ರ ಮೂಲದಲ್ಲಿ ಅಡ್ಡಕ್ಕೆ 480, ಉದ್ದಕ್ಕೆ 270 ಚುಕ್ಕಿ. ಫುಲ್ ಎಚ್‌ಡಿ ಟೀವಿ 1920 ಅಡ್ಡ 1080, ಅಂದ್ರೆ ಸರಿಯಾಗಿ ನಾಲ್ಕು ಪಟ್ಟು. ಒಂದು ಚುಕ್ಕಿ ನಾಲ್ಕಕ್ಕೆ ನಾಲ್ಕರ ಚೌಕ ಆಗುತ್ತೆ, ಅಂಚು ಕತ್ತರಿಸಿದ ಹಾಗೆ ನೀಟು. 4ಕೆ ಟೀವಿ ಆದ್ರೆ ಎಂಟು ಪಟ್ಟು, ಅದೂ ಸರಿ. ನಿಮ್ಮ ಲ್ಯಾಪ್‌ಟಾಪ್ ಬಹುಶಃ 1366 ಅಡ್ಡ 768 ಇರಬೇಕು, ಅದಕ್ಕೆ 480 ಪೂರ್ತಿಯಾಗಿ ಭಾಗವಾಗಲ್ಲ, ಕೆಲವು ಚುಕ್ಕಿಗೆ ಎರಡು ಪಾಲು ಕೆಲವಕ್ಕೆ ಮೂರು ಪಾಲು ಬಂದು ಅಂಚು ಕಲಸಿಹೋಗುತ್ತೆ. ಎಚ್‌ಡಿಎಂಐ ಕೇಬಲ್ ಹಾಕಿ ಟೀವಿಗೆ ಕೊಡಿ, ಸರಿ ಹೋಗುತ್ತೆ.

ಇನ್ನು ಖರ್ಚಿನ ಮಾತು. 2013ರಲ್ಲಿ ಕಿಕ್‌ಸ್ಟಾರ್ಟರ್ ಅನ್ನೋ ದುಡ್ಡು ಎತ್ತೋ ವೆಬ್‌ಸೈಟಲ್ಲಿ ಜನರ ಹತ್ರ ಇವರು ಕೇಳಿದ್ದು 27,000 ಡಾಲರ್, ಬಂದಿದ್ದು 6,45,000ಕ್ಕೂ ಮೇಲೆ. ದುಡ್ಡು ಬಂದ್ಮೇಲೂ ಚುಕ್ಕಿ ಚಿತ್ರಾನೇ ಉಳಿಸ್ಕೊಂಡ್ರು, 2014ಕ್ಕೆ ಬರಬೇಕಿದ್ದ ಗೇಮು 2016ಕ್ಕೆ ಬಂತು. ಚುಕ್ಕಿ ಅಂದ್ರೆ ಅಗ್ಗ ಅಂತ ಅಲ್ಲ, ಒಂದು ಕತ್ತಿ ಬೀಸೋಕೆ ಎಷ್ಟು ಚಿತ್ರ ಬೇಕೋ ಅಷ್ಟನ್ನೂ ಒಬ್ಬರು ಕೂತು ಒಂದೊಂದು ಚುಕ್ಕಿ ಇಟ್ಟು ಬರೀಬೇಕು. ಇದರಲ್ಲಿ ಬರೀ ಆ ಕೆಂಪು ಮೇಲಂಗಿ ನೋಡಿ, ನಿಂತಾಗ ಜೋತು ಬಿದ್ದಿರುತ್ತೆ, ಡ್ಯಾಶ್ ಮಾಡಿದ್ರೆ ಹಿಂದಕ್ಕೆ ಎಳೆದ ಗೆರೆ ಥರ ಆಗುತ್ತೆ, ನಿಲ್ಲಿಸಿದ ಮೇಲೂ ಒಂದು ಕ್ಷಣ ಗಾಳೀಲಿ ಇದ್ದು ಆಮೇಲೆ ಕೂತ್ಕೊಳ್ಳುತ್ತೆ. ಮುಖ ಅಂತ ಇರೋದೇ ಬೆರಳೆಣಿಕೆ ಚುಕ್ಕಿ, ಕಣ್ಣಿಲ್ಲ ಬಾಯಿಲ್ಲ, ಆದ್ರೂ ಅವನು ಸುಸ್ತಾಗಿದಾನೆ ಅಂತ ನಮಗೆ ಗೊತ್ತಾಗುತ್ತಲ್ಲ, ಅದು ಹೆಂಗೆ? 2017ರಲ್ಲಿ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲಲ್ಲಿ ಚಿತ್ರಕಲೆಗೆ ಇರೋ ಪ್ರಶಸ್ತಿ ಇದಕ್ಕೇ ಬಂತು. ಅಂದ ಹಾಗೆ ಬಂದ ಹೊಸದರಲ್ಲಿ ಇದು ಸೆಕೆಂಡಿಗೆ 30 ಫ್ರೇಮಲ್ಲೇ ಓಡ್ತಿತ್ತು, ಆಮೇಲೆ ಅಪ್ಡೇಟ್ ಕೊಟ್ಟು 60 ಮಾಡಿದ್ರು. ಹಳೇ ವಿಡಿಯೋ ನೋಡಿ ಜರ್ಕ್ ಹೊಡೆಯುತ್ತೆ ಅಂದ್ಕೊಂಡೋರು ಈಗ ಆಡಿ ನೋಡಿ.

ಪ್ರಶ್ನೆ: ಮ್ಯೂಸಿಕ್ ಬಗ್ಗೆ ನೀವು ಹೋದ ಸಲ ಒಂದು ಮಾತೂ ಬರೀಲಿಲ್ಲ, ಬೇಜಾರಾಯ್ತು.

ಉತ್ತರ: ನಾಲ್ಕು ಸಾಲಲ್ಲಿ ಜಾಗ ಎಲ್ಲಿತ್ತು ಹೇಳಿ. ಸಂಗೀತ ಮಾಡಿದೋರು ಡಿಸಾಸ್ಟರ್‌ಪೀಸ್ ಅನ್ನೋ ಹೆಸರಲ್ಲಿ ಕೆಲಸ ಮಾಡೋ ರಿಚ್ ವ್ರೀಲ್ಯಾಂಡ್, 2012ರ ಫೆಜ್ ಗೇಮಿಗೂ ಇವರದ್ದೇ. ನನಗೆ ಹಿಡಿಸಿದ್ದು ಏನಂದ್ರೆ ಇದು ಎಲ್ಲೂ ಮುಂದೆ ಬಂದು ನಿಲ್ಲಲ್ಲ. ಬೆಟ್ಟದ ಮೇಲೆ ಬರೀ ಗಾಳಿ ಸದ್ದು ಅಂದ್ಕೊಂಡು ನಡೀತಿರ್ತೀವಿ, ಅದರೊಳಗೆ ಯಾವಾಗ ಒಂದು ಸಿಂಥ್ ಸ್ವರ ಸೇರ್ಕೊಂಡಿತು ಅಂತಾನೇ ಗೊತ್ತಾಗಿರಲ್ಲ, ಹೊಡೆದಾಟ ಶುರುವಾದಾಗ ಅದೇ ಸ್ವರ ಒಡೆದು ಗೊರಗೊರ ಅನ್ನೋಕೆ ಶುರು ಮಾಡುತ್ತೆ. ಫೋನ್ ಸ್ಪೀಕರಲ್ಲಿ ಇದನ್ನ ಆಡಿದ್ರೆ ಅರ್ಧ ಗೇಮ್ ಆಡಿದ ಹಾಗೆ, ಹೆಡ್‌ಫೋನ್ ಹಾಕ್ಕೊಳ್ಳಿ. ಕೆಲವು ಕಡೆ ಸಂಗೀತ ಪೂರ್ತಿ ಬತ್ತಿ ಹೋಗಿ ಬರೀ ಹೆಜ್ಜೆ ಸದ್ದು ಉಳಿಯುತ್ತೆ, ಅಲ್ಲೆಲ್ಲ ನಂಗೆ ಬಾಸ್‌ಗಿಂತ ಜಾಸ್ತಿ ಅಳುಕಾಗುತ್ತೆ.

ಪ್ರಶ್ನೆ: ಸುಲಭದ ಮೋಡ್ ಇದ್ಯಂತೆ, ಅದರಲ್ಲಿ ಆಡಿದ್ರೆ ಮರ್ಯಾದೆ ಹೋಗುತ್ತೆ ಅಂತ ನನ್ನ ಗೆಳೆಯರು ಆಡ್ಕೊಳ್ತಾರೆ. ಕಪ್ಪೆ ಬಾಸ್ ಹತ್ರ ಕೈ ಎತ್ತಿಬಿಟ್ಟಿದೀನಿ.

ಉತ್ತರ: ನ್ಯೂಕಮರ್ ಮೋಡ್ ಅಂತ ಇದೆ, ಗೇಮ್ ಮಾಡಿದೋರೇ ಸೇರಿಸಿದ್ದು, ಗೆಳೆಯರನ್ನ ಕೇಳಿ ಸೇರಿಸಿದ್ದಲ್ಲ. ಏಟು ತಡ್ಕೊಳ್ಳೋ ಶಕ್ತಿ ಜಾಸ್ತಿ ಕೊಡುತ್ತೆ, ಕಥೆ ಅದೇ, ಲೋಕ ಅದೇ. ಕೆಲಸ ಮುಗಿಸಿ ಬಂದು ಒಂದು ಗಂಟೆ ಆಡೋರು, ಕೈ ಅಷ್ಟು ಬೇಗ ಓಡದೇ ಇರೋರು ಅದರಲ್ಲೇ ಆಡ್ಲಿ, ಯಾರಪ್ಪನ ಗಂಟು ಹೋಗುತ್ತೆ? ಕಷ್ಟದ ಗೇಮ್ ಆಡಿದ್ದನ್ನ ಪದವಿ ಥರ ಕುತ್ತಿಗೆಗೆ ನೇತು ಹಾಕ್ಕೊಂಡು ಓಡಾಡೋರನ್ನ ಕಂಡ್ರೆ ನನಗೆ ಮೊದಲಿಂದ್ಲೂ ಆಗಲ್ಲ.

ಆದ್ರೆ ಕಪ್ಪೆ ಬಾಸ್ ಅಂದ್ರಲ್ಲ, ಮೋಡ್ ಬದಲಾಯಿಸೋಕೆ ಮುಂಚೆ ಇನ್ನೊಂದು ಸಲ ಹೀಗೆ ಆಡಿ ನೋಡಿ. ಮೊದಲ ಒಂದೆರಡು ಸಲ ಹೊಡೆಯೋಕೇ ಹೋಗಬೇಡಿ, ಬರೀ ತಪ್ಪಿಸ್ಕೊಳ್ಳಿ. ಅದು ಎಗರಿ ಮೇಲೆ ಬೀಳುತ್ತೆ, ಬಿದ್ದ ಮೇಲೆ ಅಷ್ಟು ದೊಡ್ಡ ದೇಹ ಸಾವರಿಸ್ಕೊಳ್ಳೋಕೆ ಹೊತ್ತು ಬೇಕು, ನಿಮ್ಮ ಎರಡು ಏಟಿನ ಜಾಗ ಅದು. ಮರಿ ಕಪ್ಪೆಗಳು ಬಂದಾಗ ಬೈಕೋಬೇಡಿ, ಅವು ನಡೆದಾಡೋ ಗುಂಡಿನ ಡಬ್ಬಿಗಳು, ಕತ್ತೀಲಿ ಕತ್ತರಿಸಿ ಗನ್ನು ತುಂಬಿಸ್ಕೊಂಡು ದೊಡ್ಡದರ ಮೇಲೆ ಖಾಲಿ ಮಾಡಿ. ಮೂಲೆಗೆ ಮಾತ್ರ ಸಿಕ್ಕಾಕ್ಕೊಳ್ಳಬೇಡಿ. ಇದಕ್ಕೂ ಆಗ್ಲಿಲ್ಲ ಅಂದ್ರೆ ಉತ್ತರಕ್ಕೋ ಪಶ್ಚಿಮಕ್ಕೋ ಹೋಗಿ ಒಂದೆರಡು ಅಪ್‌ಗ್ರೇಡ್ ತಗೊಂಡು ವಾಪಸ್ ಬನ್ನಿ, ಅದು ಅಲ್ಲೇ ಕೂತಿರುತ್ತೆ.

ಪ್ರಶ್ನೆ: ಮುಗಿಸಿದೆ, ಈಗ ಖಾಲಿ ಖಾಲಿ ಅನಿಸ್ತಿದೆ. ಇದೇ ಥರದ್ದು ಇನ್ನೇನು ಆಡ್ಲಿ?

ಉತ್ತರ: ಇದರಲ್ಲೇ ಇನ್ನೊಂದು ಸುತ್ತು ಬೇಕು ಅಂದ್ರೆ ನ್ಯೂ ಗೇಮ್ ಪ್ಲಸ್ ಇದೆ, ಅಪ್‌ಗ್ರೇಡ್ ಉಳಿಯುತ್ತೆ, ಹೆಲ್ತ್ ಕತ್ತರಿಸಿಬಿಡ್ತಾರೆ, ತಪ್ಪಿಗೆ ಜಾಗಾನೇ ಇರಲ್ಲ. ಇದೇ ಸ್ಟುಡಿಯೋದ್ದು 2021ರಲ್ಲಿ ಸೋಲಾರ್ ಆಶ್ ಬಂತು, ಅದು 3ಡಿ, ಜಾರ್ಕೊಂಡು ಹೋಗೋದೇ ಅದರ ಮಜಾ, ಹೊಡೆದಾಟ ಕಡಿಮೆ. ಅದೇ ಲೋಕದ ಹೈಪರ್ ಲೈಟ್ ಬ್ರೇಕರ್ 2025ರ ಜನವರೀಲಿ ಅರ್ಲಿ ಆಕ್ಸೆಸ್‌ಗೆ, ಅಂದ್ರೆ ಪೂರ್ತಿ ಆಗೋಕೆ ಮುಂಚೇನೇ ಮಾರಾಟಕ್ಕೆ ಬಂದಿದ್ದು, ಅದೂ 3ಡಿ, ಈ ಗೇಮಿನ ಒಂಟಿತನ ಹುಡುಕ್ಕೊಂಡು ಹೋದ್ರೆ ಅಲ್ಲಿ ಸಿಗಲ್ಲ.

ಚುಕ್ಕಿ ಚಿತ್ರದಲ್ಲೇ ಬೇಕು ಅಂದ್ರೆ ಮೂರು ಹೇಳ್ತೀನಿ. ಟೈಟನ್ ಸೋಲ್ಸ್, 2015ರದ್ದು, ಬರೀ ಬಾಸ್‌ಗಳು, ನಿಮಗಿರೋದು ಒಂದೇ ಬಾಣ, ಒಂದು ಏಟು ಬಿದ್ರೆ ನೀವೂ ಸಾಯ್ತೀರಾ. ಬ್ಲಾಸ್‌ಫೆಮಸ್, 2019ರದ್ದು, ಸ್ಪೇನಿನ ಸೆವಿಲ್ಲೆಯ ಸ್ಟುಡಿಯೋ ತಮ್ಮ ಊರಿನ ಧಾರ್ಮಿಕ ಮೆರವಣಿಗೆಗಳ ಚಿತ್ರಗಳನ್ನೇ ಇಟ್ಕೊಂಡು ಮಾಡಿದ್ದು, ನೋಡೋಕೆ ಭಯಂಕರ, ರಕ್ತ ಇದಕ್ಕಿಂತ ಹತ್ತರಷ್ಟು, ಮೇಲೆ ಪ್ರಶ್ನೆ ಕೇಳಿದ ಅಮ್ಮ ಇದನ್ನ ಮನೆಗೆ ಬಿಟ್ಕೊಳ್ಳದೇ ಇರೋದು ವಾಸಿ. ಮೂರನೇದು ಸೆಲೆಸ್ಟ್, 2018, ಹೊಡೆದಾಟವೇ ಇಲ್ಲ, ಬೆಟ್ಟ ಹತ್ತೋದು, ಡ್ಯಾಶ್ ಮಾತ್ರ ಇಲ್ಲಿಗಿಂತ ಖಡಕ್ಕು, ಕಷ್ಟ ಆದ್ರೆ ಅಸಿಸ್ಟ್ ಮೋಡಲ್ಲಿ ಗೇಮಿನ ವೇಗಾನೇ ಇಳಿಸ್ಕೋಬಹುದು. ಈ ಮೂರರಲ್ಲಿ ನಿಮಗೆ ಮೊದಲು ಸೆಲೆಸ್ಟ್ ಕೊಡ್ತೀನಿ, ಯಾಕಂದ್ರೆ ಅದರಲ್ಲಿ ಪಾತ್ರಗಳು ಬಾಯಿ ತೆಗೆದು ಮಾತಾಡ್ತವೆ, ಇಷ್ಟು ದಿನ ಮೌನ ಸಹಿಸ್ಕೊಂಡಿದೀರಲ್ಲ.